ಡಬ್ಬಿಯ ಮೇಲಣ ಬರಹ: ಪೂರಕಾಹಾರವನ್ನು ಕುರಿತ ಒಂದು ಆಕರವಿಮರ್ಶೆ

ಇತಿಹಾಸದ ವಿದ್ಯಾರ್ಥಿಯು ಶಾಸನವೊಂದನ್ನು ಪರಿಶೀಲಿಸುವಾಗ ಕೇಳಬೇಕಾದ ಪ್ರಶ್ನೆಗಳು ಮೂರು: ಬರೆಸಿದವರಾರು, ಯಾವ ಪ್ರಯೋಜನಕ್ಕಾಗಿ ಬರೆಸಿದರು, ಏನನ್ನು ಹೇಳದೆ ಬಿಟ್ಟರು. ವಿಜಯಪುರದ ಅಂಗಡಿಗಳಲ್ಲಿ ಮಾರಾಟವಾಗುವ ಪೂರಕಾಹಾರದ ಡಬ್ಬಿಗಳ ಮೇಲಣ ಬರಹಕ್ಕೂ ಇದೇ ಪರೀಕ್ಷೆ ಸಲ್ಲಬೇಕೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ. ತಿಕೋಟಾ ಕಡೆಯ ನಮ್ಮ ವಿದ್ಯಾರ್ಥಿಯೊಬ್ಬನು ಪೊಲೀಸ್ ಭರ್ತಿಯ ಓಟಕ್ಕೆ ಸಿದ್ಧನಾಗುತ್ತ ಇಂತಹ ಪುಡಿಯೊಂದನ್ನು ಸೇವಿಸಿ, ಕೆಲವು ವಾರಗಳಲ್ಲಿ ಹಿಮ್ಮಡಿಯ ಸ್ನಾಯುರಜ್ಜು ನೋಯುತ್ತಿದೆಯೆಂದು ಹೇಳಿದುದೇ ಈ ವಿಚಾರಕ್ಕೆ ನಿಮಿತ್ತ.

ನೋವಿಗೆ ಪುಡಿಯೇ ಕಾರಣವೆಂದು ಆತನು ನಿಶ್ಚಯಿಸಿದನು. ಡಬ್ಬಿಯ ಮೇಲೆ ‘ನೈಸರ್ಗಿಕ’ ಎಂದಿರುವುದರಿಂದ ಅದು ನಿರಪರಾಧಿಯೆಂದು ಗೆಳೆಯರು ವಾದಿಸಿದರು. ಎರಡು ನಿರ್ಣಯಗಳೂ ದೋಷಯುಕ್ತವಾದುವು. ಒಂದರ ಹಿಂದೆ ಇನ್ನೊಂದು ಸಂಭವಿಸಿದ ಮಾತ್ರಕ್ಕೆ ಕಾರ್ಯಕಾರಣ ಸಂಬಂಧ ಸಿದ್ಧಿಸದು. ಓಟವನ್ನು ಒಮ್ಮೆಲೆ ಹೆಚ್ಚಿಸಿದರೂ ಆ ರಜ್ಜು ನೋಯುತ್ತದೆ. ಹಾಗೆಂದು, ಬರಹದ ಮೌನವು ನಿರಪಾಯಕ್ಕೆ ಸಾಕ್ಷಿಯೂ ಅಲ್ಲ.

ಕೆಲವು ಸಂಗತಿಗಳು ಮಾತ್ರ ಸ್ಥಿರಪಟ್ಟಿವೆ. ‘ಎ’ ಜೀವಸತ್ವವನ್ನು ಬಹುಕಾಲ ಅತಿಯಾಗಿ ಸೇವಿಸಿದರೆ ಎಲುಬು ಕೀಲುಗಳಲ್ಲಿ ನೋವುಂಟಾಗುತ್ತದೆ. ನಿಯಾಸಿನ್ ಹೆಚ್ಚಿನ ಪ್ರಮಾಣದಲ್ಲಿ ರಕ್ತದ ಯೂರಿಕ್ ಆಮ್ಲವನ್ನು ಏರಿಸಿ, ಕೆಲವರಲ್ಲಿ ಕೀಲೂತಕ್ಕೆ ದಾರಿಮಾಡಬಲ್ಲುದು. ಇನ್ನು ಕೆಲವು ಪುಡಿಗಳಲ್ಲಿ, ಡಬ್ಬಿಯ ಮೇಲೆ ನಮೂದಿಸದ ಸ್ಟೀರಾಯ್ಡುಗಳು ಬೆರೆತಿದ್ದುದು ಹಲವು ದೇಶಗಳ ಪರೀಕ್ಷೆಗಳಲ್ಲಿ ಕಂಡುಬಂದಿದೆ.

ಎಲುಬಿಗೆ ಬಲವೆಂದು ಕೊಟ್ಟ ಫ್ಲೋರೈಡಿನ ಕಥೆಯು ಇನ್ನೂ ಬೋಧಪ್ರದವಾದುದು. ೧೯೯೦ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಲುಬು ಸವೆದ ೨೦೨ ಸ್ತ್ರೀಯರ ಪೈಕಿ ಒಂದು ಪಂಗಡಕ್ಕೆ, ದಿನಕ್ಕೆ ೭೫ ಮಿಲಿಗ್ರಾಂ ಸೋಡಿಯಂ ಫ್ಲೋರೈಡನ್ನು ನಾಲ್ಕು ವರ್ಷ ಕೊಡಲಾಯಿತು. ಸೊಂಟದ ಬೆನ್ನೆಲುಬಿನ ಸಾಂದ್ರತೆ ಶೇಕಡ ೩೫ರಷ್ಟು ಏರಿತು. ಬೆನ್ನೆಲುಬಿನ ಮುರಿತಗಳು ಗಣನೀಯವಾಗಿ ತಗ್ಗಲಿಲ್ಲ, ಇತರ ಎಲುಬುಗಳ ಮುರಿತ ಹೆಚ್ಚಿತು, ಕಾಲುಗಳಲ್ಲಿ ನೋವೂ ಕಾಣಿಸಿತು. ಅದೇ ಫ್ಲೋರೈಡು ಕುಡಿಯುವ ನೀರಿನಲ್ಲಿ ಅಧಿಕವಾದರೆ ಕೀಲುಗಳನ್ನು ಬಿಗಿಸಿ, ಅಸ್ಥಿಬಂಧಗಳಲ್ಲಿ ಸುಣ್ಣ ಕಟ್ಟಿಸುತ್ತದೆಂಬುದನ್ನು ನಮ್ಮ ದೇಶವು ೧೯೩೭ರಲ್ಲಿ ನೆಲ್ಲೂರು ಜಿಲ್ಲೆಯ ವರದಿಯಿಂದಲೇ ಅರಿತಿತ್ತು.

ಈ ಮಾತು ನಮಗೆ ದೂರದ್ದಲ್ಲ. ವಿಜಯಪುರ ಜಿಲ್ಲೆಯ ಕೆಲವು ಭಾಗಗಳ ಅಂತರ್ಜಲದಲ್ಲಿ ಫ್ಲೋರೈಡಿನ ಆಧಿಕ್ಯವು ದಾಖಲಾಗಿದೆ. ಭಾರತೀಯ ಮಾನಕದಂತೆ ಲೀಟರಿಗೆ ೧ ಮಿಲಿಗ್ರಾಂ ಸ್ವೀಕಾರಾರ್ಹ. ಬೇರೆ ನೀರಿಲ್ಲದೆಡೆ ೧.೫ರವರೆಗೆ ಅನುಮತಿಯಿದೆ. ಬಬಲೇಶ್ವರದ ರೈತನ ಮೊಣಕಾಲು ನೋಯುವಾಗ ಆತನ ಕೊಳವೆಬಾವಿಯ ನೀರನ್ನೂ ವಿಚಾರಿಸಬೇಕಲ್ಲದೆ ಮಗನು ತಂದ ಡಬ್ಬಿಯನ್ನು ಮಾತ್ರವಲ್ಲ. ಡಬ್ಬಿ ಬರೆದವನಿಗೆ ಆ ಬಾವಿಯ ಸಮಾಚಾರ ತಿಳಿಯದು.

೨೦೧೬ರ ಆಹಾರ ಸುರಕ್ಷತಾ ನಿಯಮಾವಳಿಯು ಪೂರಕಾಹಾರದ ಮೇಲೆ ‘ಔಷಧೋಪಯೋಗಕ್ಕಲ್ಲ’ ಎಂಬ ಸೂಚನೆಯನ್ನು ಕಡ್ಡಾಯಗೊಳಿಸಿದುದು ಸ್ತುತ್ಯವೇ ಸರಿ. ಆದರೆ ಆ ಮಾತಿಗೆ ಎರಡು ಮುಖಗಳಿವೆ. ಕೊಳ್ಳುವವನಿಗೆ ಅದು ಎಚ್ಚರಿಕೆ. ತಯಾರಕನಿಗೆ, ಔಷಧಕ್ಕೆ ವಿಧಿಸಿದಂತಹ ರೋಗಿಗಳ ಮೇಲಣ ಪೂರ್ವಪರೀಕ್ಷೆಯಿಂದ ಬಿಡುಗಡೆ. ಹೀಗಾಗಿ ದುಷ್ಪರಿಣಾಮದ ಚರಿತ್ರೆಯನ್ನು ಸೇವಿಸಿದವನೇ ಬರೆಯಬೇಕಾಗಿ ಬಂದಿದೆ.

ಅದನ್ನಾದರೂ ಕ್ರಮವಾಗಿ ಬರೆಯೋಣ. ಯಾವ ದಿನ ಆರಂಭಿಸಿದೆ, ಎಷ್ಟು ಸೇವಿಸಿದೆ, ನೋವು ಎಂದು ಬಂದಿತು, ಬಿಟ್ಟ ಮೇಲೆ ಎಂದು ತಗ್ಗಿತು ಎಂಬ ನಾಲ್ಕು ಸಾಲುಗಳು ನೆನಪಿಗಿಂತ ಬಲವಾದ ಸಾಕ್ಷ್ಯ. ನಮ್ಮ ವಿದ್ಯಾರ್ಥಿಗೆ ಪುಡಿಯನ್ನು ನಿಲ್ಲಿಸಿ, ಓಟಕ್ಕೆ ವಿರಾಮವಿತ್ತು, ಆ ಟಿಪ್ಪಣಿಯನ್ನೂ ಡಬ್ಬಿಯನ್ನೂ ವೈದ್ಯರಿಗೆ ತೋರಿಸುವಂತೆ ಹೇಳಿದೆವು. ಎರಡನ್ನೂ ಒಟ್ಟಿಗೆ ಬಿಟ್ಟುದರಿಂದ ಅಪರಾಧಿ ಯಾರೆಂಬುದು ತಿಳಿಯದೆ ಹೋಗಬಹುದು. ಆದರೆ ಇತಿಹಾಸಕಾರನ ಕುತೂಹಲಕ್ಕಿಂತ ಹುಡುಗನ ಕಾಲು ದೊಡ್ಡದು.