ಕೈಯ ಅಳತೆ, ಬದುಕಿನ ಅಳತೆ: ಒಂದು ವಿಮರ್ಶೆ

ಕೈಗೆ ಪೆಟ್ಟು ಬಿದ್ದವನ ಅಥವಾ ಕೈರೋಗದಿಂದ ನರಳುವವನ ನಿತ್ಯಜೀವನಕ್ಕೆ ಎಷ್ಟು ಧಕ್ಕೆ ಒದಗಿದೆಯೆಂದು ಅಳೆಯುವುದು ವೈದ್ಯರ ಕೆಲಸ. ಪ್ರಸ್ತುತ ಲೇಖಕನು ವೈದ್ಯನಲ್ಲ, ಚರಿತ್ರೆಯ ಅಧ್ಯಾಪಕ. ಆದರೂ ಒಂದು ಅಳತೆಗೋಲು ಎಲ್ಲಿ, ಎಂದು, ಯಾರ ಬದುಕನ್ನು ಕಂಡು ಹುಟ್ಟಿತೆಂಬುದು ಚರಿತ್ರೆಯ ಪ್ರಶ್ನೆಯೂ ಹೌದು. ಶಾಸನವನ್ನು ಓದುವಾಗ ಅದನ್ನು ಬರೆಯಿಸಿದವನಾರೆಂದು ಮೊದಲು ವಿಚಾರಿಸುವ ನಾವು, ಪ್ರಶ್ನಾವಳಿಯನ್ನು ಓದುವಾಗಲೂ ಅದೇ ಎಚ್ಚರವನ್ನು ತಾಳುವುದು ಉಚಿತ.

ಇಂದು ಅನೇಕ ದೇಶಗಳಲ್ಲಿ ಬಳಕೆಯಲ್ಲಿರುವ ‘ಡ್ಯಾಶ್’ ಎಂಬ ಪ್ರಶ್ನಾವಳಿಯು 1996ರಲ್ಲಿ ಪ್ರಕಟವಾಯಿತು. ಕೆನಡಾದ ಒಂದು ಸಂಶೋಧನ ಸಂಸ್ಥೆಯೂ ಅಮೆರಿಕದ ಮೂಳೆವೈದ್ಯರ ಸಂಘವೂ ಕೂಡಿ ಅದನ್ನು ರಚಿಸಿದವು. ತೋಳು, ಭುಜ, ಕೈಗಳನ್ನು ಕುರಿತ 30 ಪ್ರಶ್ನೆಗಳು ಅದರಲ್ಲಿವೆ. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಒಟ್ಟು ಫಲವನ್ನು 0ಯಿಂದ 100ರೊಳಗೆ ಹೇಳುತ್ತಾರೆ. ಅಂಕ ಹೆಚ್ಚಿದಷ್ಟೂ ಅಶಕ್ತತೆ ಹೆಚ್ಚು. ಕೀಲು ಎಷ್ಟು ಬಾಗುತ್ತದೆ, ಹಿಡಿತದ ಬಲವೆಷ್ಟು ಎಂಬಲ್ಲಿಗೆ ನಿಲ್ಲದೆ, ‘ನೀನು ಏನೇನು ಮಾಡಬಲ್ಲೆ?’ ಎಂದು ರೋಗಿಯನ್ನೇ ಕೇಳುವುದು ಅದರ ಹಿರಿಯ ಗುಣ. ಇದನ್ನು ಮೊದಲು ಒಪ್ಪಿಕೊಂಡು ಮುಂದಿನ ಮಾತನ್ನು ಆಡಬೇಕು.

ಆದರೆ ಕೇಳುವ ಪ್ರಶ್ನೆಗಳಾವುವು? ಬಿಗಿಯಾದ ಜಾಡಿಯ ಮುಚ್ಚಳ ತೆರೆಯುವುದು, ತಲೆಯ ಮೇಲಿನ ವಿದ್ಯುದ್ದೀಪ ಬದಲಿಸುವುದು, ಗಾಲ್ಫ್ ಅಥವಾ ಟೆನಿಸ್ ಆಡುವುದು ಮೊದಲಾದುವು. ಹೊಳಲ್ಕೆರೆಯಲ್ಲಿ ಅಡಿಕೆ ಸುಲಿಯುವ ಹೆಂಗಸು, ಹೊಸದುರ್ಗದಲ್ಲಿ ತೆಂಗಿನಕಾಯಿ ಸುಲಿಯುವ ಆಳು, ಹಿರಿಯೂರಿನ ಕಡೆ ಕುರಿಯ ಉಣ್ಣೆ ಕತ್ತರಿಸುವವನು, ಚಿತ್ರದುರ್ಗದ ಹೊಲದಲ್ಲಿ ಈರುಳ್ಳಿ ಕೀಳುವವನು ಇವಕ್ಕೆ ಏನೆಂದು ಉತ್ತರಿಸಿಯಾರು? ಕಳೆದ ವಾರ ಮಾಡದ ಕೆಲಸವಾದರೆ ಊಹಿಸಿ ಹೇಳಬೇಕೆಂಬುದು ಅಲ್ಲಿನ ನಿಯಮ. ಮೂರಕ್ಕಿಂತ ಹೆಚ್ಚು ಪ್ರಶ್ನೆಗಳನ್ನು ಬಿಟ್ಟರೆ ಅಂಕವೇ ಇಲ್ಲ. ಹೀಗಾಗಿ ನಮ್ಮ ರೋಗಿಯು ಒಂದೋ ಊಹೆಯಿಂದ ಅಳೆಯಲ್ಪಡುತ್ತಾನೆ, ಇಲ್ಲವೆ ಅಳತೆಯಿಂದಲೇ ಹೊರಗುಳಿಯುತ್ತಾನೆ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದುಂಟು. ಕೆಲಸವನ್ನು ಯಾವ ಕೈಯಿಂದ ಮಾಡಿದರೂ ಚಿಂತೆಯಿಲ್ಲ, ಮಾಡಲಾಯಿತೇ ಎಂಬುದಷ್ಟೇ ಮುಖ್ಯವೆಂದು ಆ ಪತ್ರವು ಸೂಚಿಸುತ್ತದೆ. ಬಲಗೈಯಿಂದ ಉಣ್ಣುವ, ಎಡಗೈಯಿಂದ ಶೌಚ ಮಾಡುವ ನಾಡಿನಲ್ಲಿ ಈ ಮಾತು ನಿಲ್ಲಲಾರದು. ಬಲಗೈ ಸೋತವನು ಎಡಗೈಯಿಂದ ಉಂಡಾನು. ಆದರೆ ಪಂಕ್ತಿಯಲ್ಲಿ ಕೂರಲು ನಾಚಿಯಾನು. ಅಂಕದ ಲೆಕ್ಕದಲ್ಲಿ ಅವನು ಸಮರ್ಥ. ಊರಿನ ಲೆಕ್ಕದಲ್ಲಿ ಅಲ್ಲ.

1969ರಲ್ಲಿ ಪ್ರಕಟವಾದ ಜೆಬ್ಸನ್ ಪರೀಕ್ಷೆಯ ದೋಷವೂ ಈ ಜಾತಿಯದೇ. ಅದರ ಏಳು ಭಾಗಗಳಲ್ಲಿ ಉಣ್ಣುವುದನ್ನು ಚಮಚದಿಂದ ಕಾಳು ಎತ್ತಿಸಿ ಪರೀಕ್ಷಿಸುತ್ತಾರೆ. ಹಿಡಿದ ಕಾಲವನ್ನು ಎಣಿಸುತ್ತಾರೆ. ಬಿಸಿ ರಾಗಿ ಮುದ್ದೆಯನ್ನು ಮುರಿದು, ಬೆರಳಲ್ಲಿ ಉಂಡೆ ಮಾಡಿ, ಸಾರಿನಲ್ಲಿ ಅದ್ದುವುದಕ್ಕೆ ಬೇಕಾದ ಚಲನೆ ಬೇರೆ. ಅದಕ್ಕೆ ಸ್ಪರ್ಶಜ್ಞಾನವೂ ಬೇಕು. ಕುಷ್ಠದಿಂದ ಮರಗಟ್ಟಿದ ಕೈ ಚಮಚವನ್ನು ಎತ್ತೀತು; ಮುದ್ದೆಯ ಬಿಸಿಯನ್ನು ಅರಿಯದೆ ಸುಟ್ಟೂ ಹೋದೀತು.

ಈ ಚರ್ಚೆ ಪಾಂಡಿತ್ಯದ ವಿನೋದವಲ್ಲ, ಅನ್ನದ ಪ್ರಶ್ನೆ. ಕಾರ್ಮಿಕರ ಪರಿಹಾರಕ್ಕಾಗಿ 1923ರಲ್ಲಿ ಆದ ಕಾಯಿದೆಯ ಅನುಸೂಚಿಯು ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇಕಡ 30, ಇಡೀ ತೋರುಬೆರಳು ಹೋದರೆ ಶೇಕಡ 14, ಒಂದು ಕೈಯ ನಾಲ್ಕು ಬೆರಳುಗಳೂ ಹೋದರೆ ಶೇಕಡ 50 ನಷ್ಟವೆಂದು ಬೆಲೆ ಕಟ್ಟಿತು. ಬೆರಳು ಯಾರದೆಂದು ಅದು ಕೇಳಲಿಲ್ಲ. ಆ ಕೇಳ್ವಿಯನ್ನು ಎತ್ತಿದ್ದು ನ್ಯಾಯಾಲಯ. ಎಡತೋಳನ್ನು ಕಳೆದುಕೊಂಡ ಬಡಗಿಯೊಬ್ಬನ ಮೊಕದ್ದಮೆಯಲ್ಲಿ, ಒಂದೇ ಕೈಯಿಂದ ಬಡಗಿತನ ಸಾಗದಾದ್ದರಿಂದ ನಷ್ಟವು ಪೂರ್ಣವೆಂಬ ತೀರ್ಮಾನವನ್ನು ಸರ್ವೋಚ್ಚ ನ್ಯಾಯಾಲಯವು 1975ರಲ್ಲಿ ಎತ್ತಿಹಿಡಿಯಿತು. ಅಂಗದ ಊನ ಬೇರೆ, ಗಳಿಕೆಯ ನಷ್ಟ ಬೇರೆ ಎಂಬುದನ್ನು ಅಪಘಾತದ ಪ್ರಕರಣವೊಂದರಲ್ಲಿ 2010ರಲ್ಲಿ ಮತ್ತಷ್ಟು ವಿಶದಪಡಿಸಿತು.

ಪ್ರಶ್ನೆಗಳನ್ನು ಬದಲಿಸಿದರೆ ದೇಶದೇಶಗಳ ಫಲಗಳನ್ನು ಹೋಲಿಸುವುದು ಹೇಗೆಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ಡ್ಯಾಶ್ ಪತ್ರದಲ್ಲಿಯೇ ಕ್ರೀಡಾಪಟುಗಳಿಗೂ ಸಂಗೀತಗಾರರಿಗೂ ಬೇಕೆಂದರೆ ಸೇರಿಸಿಕೊಳ್ಳಬಹುದಾದ ನಾಲ್ಕು ಪ್ರಶ್ನೆಗಳ ಅನುಬಂಧವಿದೆ. ಪಿಯಾನೋ ನುಡಿಸುವ ಬೆರಳಿಗೆ ಸಂದ ಆ ಮರ್ಯಾದೆ ಮುದ್ದೆ ತೊಳಸುವ, ಅಡಿಕೆ ಸುಲಿಯುವ ಬೆರಳಿಗೆ ಏಕೆ ಸಲ್ಲಬಾರದು? ಮೂಲದ 30 ಪ್ರಶ್ನೆಗಳನ್ನು ಹೋಲಿಕೆಗಾಗಿ ಉಳಿಸಿಕೊಂಡು, ಈ ನಾಲ್ಕು ತಾಲ್ಲೂಕುಗಳ ಕೆಲಸಗಳನ್ನು ಕುರಿತ ಒಂದು ಪುಟವನ್ನು ಜೊತೆಗೆ ಸೇರಿಸುವುದೇ ಯುಕ್ತವಾದ ಮಾರ್ಗ.

ಆ ಪುಟವನ್ನು ವೈದ್ಯರೊಬ್ಬರೇ ಬರೆಯಲಾರರು. ಹಳ್ಳಿಗಳಿಂದ ಬಂದ ನಮ್ಮ ವಿದ್ಯಾರ್ಥಿಗಳು ತಮ್ಮ ಮನೆಯವರ ಕೈಗಳು ಬೆಳಗಿನಿಂದ ರಾತ್ರಿಯವರೆಗೆ ಮಾಡುವ ಕೆಲಸಗಳನ್ನು ಪಟ್ಟಿಮಾಡಿದರೆ, ಅದು ವೈದ್ಯಕ್ಕೂ ನ್ಯಾಯಕ್ಕೂ ಚರಿತ್ರೆಗೂ ಏಕಕಾಲದಲ್ಲಿ ಉಪಯುಕ್ತವಾದ ಆಧಾರವಾದೀತು.