ಕಡಲನ್ನು ತಡೆದಿಡುವ ಕಲೆ

ಉಷ್ಣವಲಯದ ದ್ವೀಪದಲ್ಲಿ ವಿಹಾರಧಾಮವನ್ನು ಕಟ್ಟಿಸಹೊರಟ ಧನಿಕನಿಗೆ ಸಾಮಾನ್ಯವಾಗಿ ಇರುವುದು ಒಂದೇ ಆತುರ: ಬಂದಿಳಿದ ಅತಿಥಿಗೆ ಕಡಲನ್ನು ಎಷ್ಟು ಬೇಗ, ಎಷ್ಟು ವಿಸ್ತಾರವಾಗಿ, ಎಷ್ಟು ಕಿಟಕಿಗಳಿಂದ ತೋರಿಸಬಹುದು ಎಂಬುದು. ಕೊಠಡಿಯ ಬಾಡಿಗೆಯೂ ಅದೇ ಲೆಕ್ಕದಲ್ಲಿ ಏರುತ್ತದೆ. ಕಡಲಿಗೆ ಮುಖಮಾಡಿದ್ದಕ್ಕೆ ಒಂದು ದರ, ತೋಟಕ್ಕೆ ಮುಖಮಾಡಿದ್ದಕ್ಕೆ ಇನ್ನೊಂದು. ಆದರೆ ಇಂಥ ತಾಣಗಳ ತಾರತಮ್ಯವನ್ನು ಅರಿಯಬಯಸುವ ರಸಿಕನು ಈ ಲೆಕ್ಕವನ್ನು ತಿರುವುಹಾಕಿ, ಯಾವ ಕಟ್ಟಡವು ಕಡಲನ್ನು ಎಷ್ಟು ಹೊತ್ತು ತಡೆದಿಟ್ಟು, ಯಾವ ಘಳಿಗೆಯಲ್ಲಿ, ಎಂಥ ಚೌಕಟ್ಟಿನೊಳಗೆ ಬಿಟ್ಟುಕೊಡುತ್ತದೆ ಎಂಬುದನ್ನು ನೋಡತಕ್ಕದ್ದೆಂದು ನನ್ನ ಮತ. ಗೋಪುರದ ಬಾಗಿಲಲ್ಲೇ ಮೂಲವಿಗ್ರಹವನ್ನು ತಂದು ನಿಲ್ಲಿಸಿದ ಮೇಲೆ ಪ್ರಾಕಾರಕ್ಕೂ ನವರಂಗಕ್ಕೂ ಸುಕನಾಸಿಗೂ ಕೆಲಸವೇನು? ಈ ಅಳತೆಗೋಲನ್ನು ಹಿಡಿದು ತಿರುಗುವುದಕ್ಕೆ ಶ್ರೀಲಂಕಾದ ನೈಋತ್ಯ ತೀರ ಪ್ರಶಸ್ತವಾದ ಕ್ಷೇತ್ರ. ಏಕೆಂದರೆ ಅಲ್ಲಿ ಒಬ್ಬರೇ ವಾಸ್ತುಶಿಲ್ಪಿ ಸುಮಾರು ಮೂರು ದಶಕಗಳ ಕಾಲ ಈ ಒಂದೇ ಪ್ರಶ್ನೆಗೆ ಬಗೆಬಗೆಯ ಉತ್ತರಗಳನ್ನು ಕಟ್ಟಿಹೋಗಿದ್ದಾರೆ.

ಅವರು ಜೆಫ್ರಿ ಬಾವಾ. 1919ರಲ್ಲಿ ಹುಟ್ಟಿ, ಕೇಂಬ್ರಿಜ್ಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದಿ, ವಕೀಲರಾಗಿ, ಆ ವೃತ್ತಿ ರುಚಿಸದೆ ದೇಶ ಸುತ್ತಿ, 1948ರಲ್ಲಿ ಬೆಂಟೋಟದ ಸಮೀಪ ಲುನುಗಂಗಾ ಎಂಬ ಹಳೆಯ ರಬ್ಬರ್ ತೋಟವೊಂದನ್ನು ಕೊಂಡು, ಅದನ್ನು ತಿದ್ದುವ ಹಂಬಲದಿಂದಲೇ ಕಟ್ಟಡವಿದ್ಯೆಯನ್ನು ಕಲಿಯಹೊರಟು, 1957ರಲ್ಲಿ, ಎಂದರೆ ಮೂವತ್ತೆಂಟರ ವಯಸ್ಸಿನಲ್ಲಿ, ಲಂಡನ್ನಿನಿಂದ ಪದವಿ ಪಡೆದು ಬಂದವರು. ತಡವಾಗಿ ಕಲಿತವರಿಗೆ ಒಮ್ಮೊಮ್ಮೆ ಇರುವ ನಿರ್ಭಯವು ಅವರ ಕೆಲಸದಲ್ಲಿ ಮೊದಲಿನಿಂದಲೂ ಉಂಟು.

1969ರಲ್ಲಿ ತೆರೆದ ಬೆಂಟೋಟ ಬೀಚ್ ಹೋಟೆಲು ನದಿಯೂ ಸಮುದ್ರವೂ ಕೂಡುವೆಡೆಯಲ್ಲಿದೆ. ಇಂಥ ನಿವೇಶನ ದೊರೆತ ಬೇರೆಯವರು ನಾಲ್ಕು ಕಡೆಗೂ ಗಾಜು ಹಾಕಿಬಿಡುತ್ತಿದ್ದರು. ಬಾವಾ ಅವರು ಮಾಡಿದ್ದು ಕೋಟೆಯ ತಳಪಾಯದಂಥ ಒರಟು ಕಲ್ಲಿನ ಜಗತಿ. ವಾಹನದಿಂದ ಇಳಿದವನು ಆ ಕಲ್ಲುಗೋಡೆಗಳ ನಡುವಣ ತಗ್ಗಾದ ನೆರಳನ್ನು ಹೊಕ್ಕು, ಮೆಟ್ಟಿಲೇರಿ, ತಲೆಯೆತ್ತಿದರೆ, ಎನಾ ಡಿ ಸಿಲ್ವಾ ಅವರ ಕೈಯಿಂದ ಬಂದ ಬಾಟಿಕ್ ಬಟ್ಟೆಯ ಮೇಲ್ಛಾವಣಿ ಉತ್ಸವದ ಚಪ್ಪರದಂತೆ ಹರಡಿಕೊಂಡಿರುತ್ತದೆ; ಅದನ್ನು ದಾಟಿದರೆ ಅಂಗಳ, ಅಂಗಳದಲ್ಲಿ ಆಳವಿಲ್ಲದ ಕೊಳ, ಕೊಳದ ನಡುವೆ ದೇವಕಣಗಿಲೆ ಮರ. ಇಷ್ಟಾದ ಮೇಲೆ, ಕಡಲಿಗಾಗಿಯೇ ಬಂದೆನೆಂಬುದು ಅತಿಥಿಗೆ ಹೆಚ್ಚುಕಡಿಮೆ ಮರೆತುಹೋದ ಮೇಲೆ, ಮರಗಳ ಸಂದಿನಲ್ಲಿ ಅದು ತಾನಾಗಿ ಕಾಣಿಸಿಕೊಳ್ಳುತ್ತದೆ. ಕಾಲಾನುಕ್ರಮದಲ್ಲಿ ಹವಾನಿಯಂತ್ರಣಕ್ಕೆಂದು ಮಾಡಿದ ಮಾರ್ಪಾಟುಗಳಿಂದ ಮೂಲದ ಕಳೆ ಬಹಳವಾಗಿ ಕುಂದಿತ್ತು; ಈಚೆಗೆ ಬಾವಾ ಅವರ ಜೊತೆಯಲ್ಲಿ ಕೆಲಸ ಮಾಡಿದ್ದ ಚನ್ನ ದಾಸ್ವತ್ತೆಯವರು ಅದನ್ನು ಪುನಾರಚಿಸಿ, ಬಾಟಿಕ್ ಛಾವಣಿಯನ್ನೂ ಹೊಸದಾಗಿ ಬರೆಯಿಸಿ, ಕಟ್ಟಡಕ್ಕೆ ಮತ್ತೆ ಜೀವ ತಂದಿದ್ದಾರೆ. ಪುನಾರಚನೆಗಳ ವಿಷಯದಲ್ಲಿ ನಾನು ಸಂಶಯಾತ್ಮನಾದರೂ ಇಲ್ಲಿ ಆಕ್ಷೇಪಿಸಲು ಹೆಚ್ಚೇನೂ ಇಲ್ಲ. ಜಗತಿಯ ಕತ್ತಲೆ ಕೆಡದಿದೆ, ಮುಖ್ಯವಾದುದು ಅದು.

ಇದೇ ತೀರದಲ್ಲಿ ದಕ್ಷಿಣಕ್ಕೆ ತುಸು ದೂರ ಹೋದರೆ ಅಹುಂಗಲ್ಲದಲ್ಲಿ 1981ರ ಟ್ರೈಟನ್ ಹೋಟೆಲು, ಈಗಿನ ಹೆರಿಟೆನ್ಸ್, ಸಿಗುತ್ತದೆ. ನನ್ನ ಸಿದ್ಧಾಂತವನ್ನು ಬಾವಾ ಅವರೇ ಇಲ್ಲಿ ಮುರಿದಿಟ್ಟಿದ್ದಾರೆ. ಮುಂಬಾಗಿಲ ಕೊಳ, ಬಾಗಿಲಿಲ್ಲದ ವಿಶಾಲ ಹಜಾರದ ನುಣುಪು ನೆಲ, ಅದರಾಚೆಗೆ ಈಜುಕೊಳ, ಅದರಾಚೆಗೆ ಸಮುದ್ರ, ಎಲ್ಲವೂ ಒಂದೇ ಮಟ್ಟದಲ್ಲಿ, ಒಂದೇ ರೇಖೆಯಲ್ಲಿ. ಇಲ್ಲಿ ಮರೆಯಿಲ್ಲ, ತಡೆಯಿಲ್ಲ. ಆದರೂ ಇದು ಆತುರಗಾರನ ಕೆಲಸವೆನ್ನಲಾಗದು. ನೀರು ಎಲ್ಲಿ ಮುಗಿದು ನೆಲ ಎಲ್ಲಿ ಮೊದಲಾಯಿತೆಂಬ ಭ್ರಮೆಯೇ ಇಲ್ಲಿ ತೆರೆಯ ಕೆಲಸವನ್ನು ಮಾಡುತ್ತದೆ. ಮೊದಲ ಐದು ನಿಮಿಷಕ್ಕೆ ಟ್ರೈಟನ್ನಿನ ಸಮಾನವಾದುದು ಬೇರೊಂದಿಲ್ಲ. ಮೂರನೆಯ ದಿನಕ್ಕೆ ಬೆಂಟೋಟವೇ ಮೇಲು.

ಗಾಲ್ ನಗರದ ಅಂಚಿನ ಲೈಟ್‌ಹೌಸ್ ಹೋಟೆಲಿನ ಮುಂದೆ ಸ್ನಾನಯೋಗ್ಯವಾದ ಮರಳುದಂಡೆಯಿಲ್ಲ, ಬರಿಯ ಬಂಡೆ. ಅದರ ಮೇಲೆ ಹಗಲೂ ಇರುಳೂ ಅಪ್ಪಳಿಸುವ ತೆರೆ. ಈ ಕೊರತೆಯನ್ನೇ ಬಾವಾ ಅವರು 1990ರ ದಶಕದಲ್ಲಿ ಬಂಡವಾಳ ಮಾಡಿಕೊಂಡರು. ರಸ್ತೆಯ ಕಡೆಯಿಂದ ದುರ್ಗದಂತೆ ಮುಚ್ಚಿಕೊಂಡ ಗೋಡೆ. ಒಳಗೆ ಸುರುಳಿಯಾಗಿ ಏರುವ ಸೋಪಾನ. ಆ ಸೋಪಾನದ ಕಟಾಂಜನದುದ್ದಕ್ಕೂ ಲಕಿ ಸೇನಾನಾಯಕೆಯವರು ಲೋಹದಲ್ಲಿ ಕಡೆದಿಟ್ಟ ಯೋಧರು. ಪೋರ್ಚುಗೀಸರ ಸೇನಾಪತಿ ಕಾನ್‌ಸ್ಟಂಟಿನೋ ಡಿ ಸಾ 1630ರಲ್ಲಿ ಸಿಂಹಳೀಯರ ಎದುರು ಪ್ರಾಣ ತೆತ್ತ ರಂದೇನಿವೆಲ ಕದನವದು. ಅತಿಥಿಯು ಕತ್ತಿ, ಭರ್ಜಿ, ಬೀಳುತ್ತಿರುವ ದೇಹಗಳ ನಡುವೆ ಸುತ್ತಿ ಸುತ್ತಿ ಮೇಲೇರಿ, ಕಡೆಗೆ ಜಗಲಿಗೆ ಬಂದು ನಿಂತಾಗ, ಆ ಯುದ್ಧದ ಗದ್ದಲವೇ ಕೆಳಗೆ ಬಂಡೆಯ ಮೇಲೆ ಮುಂದುವರಿಯುತ್ತಿರುವಂತೆ ತೋರುತ್ತದೆ. ಹಡಗಿನಲ್ಲಿ ಬಂದವರಿಂದ ನಾಲ್ಕು ಶತಮಾನ ಆಳಿಸಿಕೊಂಡ ದ್ವೀಪವು ಈಗ ವಿಮಾನದಲ್ಲಿ ಬರುವವರನ್ನು ಸ್ವಾಗತಿಸುವಾಗ ಇಷ್ಟನ್ನಾದರೂ ನೆನಪಿಸುವುದು ನನಗೆ ಅತ್ಯಂತ ಸಭ್ಯವಾದ ಆತಿಥ್ಯವೆಂದೇ ಕಂಡಿದೆ. ಈಜಲೇಬೇಕೆನ್ನುವವರು ಬೇರೆಡೆಗೆ ಹೋಗಲಿ.

ತೀರವನ್ನು ಬಿಟ್ಟು ಒಳನಾಡಿಗೆ ಹೋದರೆ, ಬಾವಾ ಅವರ ಕಂಡಲಮ ಹೋಟೆಲಿನಲ್ಲಿ ಸಮುದ್ರವೇ ಇಲ್ಲ. ಸಿಗಿರಿಯಾ ಬಂಡೆಯ ಬುಡದಲ್ಲೇ ಹೋಟೆಲು ಬೇಕೆಂದ ಮಾಲಿಕರನ್ನು ಒಪ್ಪಿಸಿ, ಅದನ್ನು ದೂರದ ಪುರಾತನ ಕೆರೆಯೊಂದರ ದಂಡೆಗೆ ಒಯ್ದವರು ಬಾವಾ ಅವರೇ. ಸಿಗಿರಿಯಾ ಅಲ್ಲಿಂದ ಕ್ಷಿತಿಜದಲ್ಲಿ ಮಾತ್ರ ಕಾಣುತ್ತದೆ. ಕಟ್ಟುವಾಗ ಬೌದ್ಧ ಭಿಕ್ಷುಗಳೂ ಪರಿಸರವಾದಿಗಳೂ ಬಲವಾಗಿ ಪ್ರತಿಭಟಿಸಿದರು. ಬಂಡೆಯ ಮಗ್ಗುಲಿಗೆ ಸುಮಾರು ಒಂದು ಕಿಲೋಮೀಟರು ಉದ್ದಕ್ಕೆ ಅಂಟಿಕೊಂಡ ಆ ಕಟ್ಟಡ ಇಂದು ಬಳ್ಳಿಗಳಲ್ಲಿ ಮುಳುಗಿ, ಕೆರೆಯಾಚೆಗೆ ನಿಂತವರಿಗೆ ಇದೆಯೋ ಇಲ್ಲವೋ ಎಂಬಂತಾಗಿದೆ. ಮಂಗಗಳಿಗೆ ಮಾತ್ರ ಅದರ ಇರವು ಚೆನ್ನಾಗಿ ಗೊತ್ತು.

ಐಶ್ವರ್ಯದ ದೃಷ್ಟಿಯಿಂದ ಇವೆಲ್ಲಕ್ಕೂ ಮೇಲಿನ ಪಂಕ್ತಿಯಲ್ಲಿರುವುದು ಟಂಗಾಲೆಯ ಬಳಿಯ ಅಮನ್‌ವೆಲ್ಲ. ಕೆರಿ ಹಿಲ್ ಅವರ ಕೃತಿ. ಮಲೇಷ್ಯಾದ ಲಂಗ್ಕಾವಿ ದ್ವೀಪದಲ್ಲಿ ಅವರು ರಚಿಸಿದ ದತಾಯ್ ಹೋಟೆಲಿಗೆ 2001ರಲ್ಲಿ ಆಗಾ ಖಾನ್ ಪ್ರಶಸ್ತಿ ಬಂದಾಗ, ಅದೇ ವರ್ಷ ಅದೇ ಸಂಸ್ಥೆ ಬಾವಾ ಅವರಿಗೆ ಜೀವಮಾನದ ಸಾಧನೆಗಾಗಿ ವಿಶೇಷ ಪುರಸ್ಕಾರವನ್ನು ಕೊಟ್ಟಿತು. ಅಮನ್‌ವೆಲ್ಲದಲ್ಲಿ ತೆಂಗಿನ ತೋಪಿನೊಳಗೆ ಒಂದೊಂದು ವಸತಿಗೂ ಒಂದೊಂದು ಸ್ವಂತ ಕೊಳ, ಹಾಸಿಗೆಯಿಂದೇಳದೆಯೇ ಸಮುದ್ರ. ಕಲ್ಲಿನ ಕೆಲಸದಲ್ಲಿ ಎಳ್ಳಷ್ಟೂ ಲೋಪವಿಲ್ಲ. ಆದರೆ ಎಲ್ಲರಿಗೂ ಎಲ್ಲವೂ ಬೇರೆಬೇರೆಯಾಗಿ ದೊರೆಯುವುದರಿಂದ ನಡೆದುಹೋಗಿ ತಲುಪಬೇಕಾದ ತಾಣವೇ ಇಲ್ಲ; ಎರಡನೆಯ ಸಂಜೆಗೆ ಕಣ್ಣು ಪುಸ್ತಕವನ್ನು ಹುಡುಕತೊಡಗುತ್ತದೆ. ಅದೇ ಒಡೆತನದ ಅಮನ್‌ಗಲ್ಲ, ಗಾಲ್ ಕೋಟೆಯೊಳಗಣ ಡಚ್ಚರ ಕಾಲದ ಮನೆ, ಬಹುಕಾಲ ನ್ಯೂ ಓರಿಯೆಂಟಲ್ ಹೋಟೆಲಾಗಿದ್ದುದು, ನನಗೆ ಹೆಚ್ಚು ಪ್ರಿಯ. ಅದರ ಬೀದಿಜಗಲಿಯಲ್ಲಿ ಕುಳಿತವನಿಗೆ ಕಡಲು ಕಾಣದು. ಕೋಟೆಯ ಮೇಲಿಂದ ಉಪ್ಪುಗಾಳಿ ಮಾತ್ರ ಬರುತ್ತದೆ, ಮನಸ್ಸಾದಾಗ ಎದ್ದು ಕೊತ್ತಲದವರೆಗೆ ಹೋದರಾಯಿತು.

ಊಟದ ವಿಷಯದಲ್ಲಿ ಹೇಳತಕ್ಕದ್ದು ಅಲ್ಪ. ಸಿರಿವಂತ ಹೋಟೆಲುಗಳ ಉಪಾಹಾರದ ಮೇಜಿನಲ್ಲಿ ಪರದೇಶದ ರೊಟ್ಟಿಗಳಿಗೇ ಅಗ್ರಪೂಜೆ. ಅಪ್ಪವನ್ನೂ ಕೆಂಪು ತೆಂಗಿನಕಾಯಿ ಚಟ್ನಿಯನ್ನೂ ಮೂಲೆಯಲ್ಲಿ ಹುಡುಕಬೇಕು. ಹುಡುಕಿದರೆ ನಷ್ಟವಿಲ್ಲ.

ಹೋಗುವವರಿಗೆ ಡಿಸೆಂಬರಿನಿಂದ ಮಾರ್ಚಿಯವರೆಗಿನ ಕಾಲ ಉತ್ತಮ. ನಮ್ಮ ಕರಾವಳಿಯನ್ನು ಜೂನ್ ಮೊದಲಲ್ಲಿ ಮುಟ್ಟುವ ಮಳೆಗಾಳಿಯೇ ಆ ತೀರವನ್ನು ಮೇ ತಿಂಗಳ ಉತ್ತರಾರ್ಧದಲ್ಲಿ ಹಿಡಿದುಕೊಳ್ಳುತ್ತದೆ. ಆಮೇಲೆ ಅಕ್ಟೋಬರಿನವರೆಗೂ ಸಮುದ್ರಕ್ಕೆ ಇಳಿಯುವಂತಿಲ್ಲ, ಆದರೆ ಲೈಟ್‌ಹೌಸಿನ ಜಗಲಿಗೆ ಅದೇ ಸುಗ್ಗಿ, ಕೊಠಡಿಯ ದರವೂ ಇಳಿದಿರುತ್ತದೆ. ಪಂಚಾಂಗವನ್ನೊಮ್ಮೆ ನೋಡಿ ಹೊರಡುವುದು ಲೇಸು: ಪ್ರತಿ ಹುಣ್ಣಿಮೆಯೂ ಅಲ್ಲಿ ಪೋಯ ದಿನ, ಸರ್ಕಾರಿ ರಜೆ, ಎಲ್ಲಿಯೂ ಮದ್ಯ ಮಾರುವಂತಿಲ್ಲ. ಎಳನೀರಿಗೆ ಆ ನಿರ್ಬಂಧವಿಲ್ಲ.