ನಗುವುದಕ್ಕೆ ಸರಿ, ಅಳುವುದಕ್ಕೆ ತಪ್ಪೇ?

ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟದ ಕಡೆ ಕನ್ನಡ, ತೆಲುಗು ಎರಡೂ ಮನೆಮಾತು. ಇಲ್ಲಿನ ಊರ ನಾಟಕಗಳಲ್ಲಿ ಗಂಡಸರೇ ಸೀರೆಯುಟ್ಟು ರಾಣಿಯರಾಗುತ್ತಿದ್ದರು, ಹಾಸ್ಯಗಾರ ಪೋಲಿ ಮಾತಾಡುತ್ತಿದ್ದ, ಮನೆಮಂದಿಯೆಲ್ಲ ಕೂತು ನಗುತ್ತಿದ್ದರು. ಅದೇ ವಿಷಯವನ್ನು ಹೆಣ್ಣೊಬ್ಬಳು ಗಂಭೀರವಾಗಿ ಬರೆದರೆ ಮಾತ್ರ ‘ಇದೆಲ್ಲ ಬೇಕಿತ್ತಾ?’ ಎನ್ನುತ್ತೇವೆ.

ಈ ಇಬ್ಬಗೆಯನ್ನು ಎದುರಿಸಿದವರು ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ. 18ನೇ ಶತಮಾನದಲ್ಲಿ ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ವನ್ನು, ಹಿಂದಿನ ಮುದ್ರಣದಲ್ಲಿ ಕೈಬಿಟ್ಟಿದ್ದ ಪದ್ಯಗಳನ್ನೂ ಸೇರಿಸಿ, 1910ರಲ್ಲಿ ಅವರು ಅಚ್ಚು ಹಾಕಿಸಿದರು. ಸುಧಾರಕ ಕಂದುಕೂರಿ ವೀರೇಶಲಿಂಗಂ ಅವರಿಗೇ ಈ ಕಾವ್ಯ ಅಸಭ್ಯವೆನಿಸಿತ್ತು. ಗಂಡಸರು ಬರೆದ ಶೃಂಗಾರಕ್ಕೆ ಈ ನಿಯಮ ಏಕಿಲ್ಲ ಎಂಬುದು ನಾಗರತ್ನಮ್ಮನವರ ಪ್ರಶ್ನೆ. ಬ್ರಿಟಿಷ್ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ನಿಷೇಧ ತೆರವಾದದ್ದು 1947ರಲ್ಲಿ.

ಕಾವ್ಯದಲ್ಲಿ ರಾಧೆ ತಾನೇ ಸಾಕಿದ ಇಳೆಯನ್ನು ಕೃಷ್ಣನಿಗೆ ಕೊಟ್ಟು ಮದುವೆ ಮಾಡುತ್ತಾಳೆ. ಆಮೇಲೆ ಅಸೂಯೆಯಲ್ಲಿ ಬೇಯುತ್ತಾಳೆ. ಕೃಷ್ಣ ಬಂದು ಅವಳನ್ನು ಸಂತೈಸಬೇಕಾಗುತ್ತದೆ. ಶೃಂಗಾರದ ಪದ್ಯಗಳನ್ನು ತೆಗೆದುಬಿಟ್ಟರೆ ರಾಧೆ ಕಳೆದುಕೊಂಡದ್ದೇನು ಎಂದೇ ತಿಳಿಯುವುದಿಲ್ಲ. ಕಳೆದದ್ದು ತಿಳಿಯದಿದ್ದರೆ ಅವಳ ಅಳು ಬರೀ ಹಟವಾಗಿ ಕಾಣುತ್ತದೆ.

ಯಾವ ವಯಸ್ಸಿಗೆ ಯಾವ ಓದು ಎಂಬುದು ಬೇರೆ ಚರ್ಚೆ, ಅದು ಬೇಕು ಕೂಡ. ಆದರೆ ಬೆಳೆದವರ ಕೃತಿಯನ್ನು ಅಳೆಯುವಾಗ ನಾನು ‘ಎಷ್ಟು ಹೇಳಿದೆ’ ಎಂದು ಕೇಳುವುದಿಲ್ಲ. ‘ಅದನ್ನು ತೆಗೆದರೆ ಯಾರ ನೋವು ಸುಳ್ಳಾಗುತ್ತದೆ’ ಎಂದು ಕೇಳುತ್ತೇನೆ. ಹಾಸ್ಯಗಾರನ ಪೋಲಿ ಮಾತು ತೆಗೆದರೆ ನಾಟಕ ನಡೆದೀತು. ಮುದ್ದುಪಳನಿಯ ಪದ್ಯ ತೆಗೆದರೆ ರಾಧೆಯೇ ಇರುವುದಿಲ್ಲ. ನಾವು ಉಳಿಸಿಕೊಂಡದ್ದು ಮೊದಲನೆಯದನ್ನು, ನಿಷೇಧಿಸಿದ್ದು ಎರಡನೆಯದನ್ನು.